ಲಕೋಟೆಯ ಹೊರಮೈ

ರಾತ್ರಿ ಎರಡೂ ಮುಕ್ಕಾಲಿಗೆ ಫೋನು ಅರಚಿತು.
ಮೀನಿನ ಕಾರ್ಖಾನೆಯ ಸರ್ವರು.
ಹೊರಗೆ ಹೋಗುವ ಟಪಾಲು
ದಿನಕ್ಕೆ ಇನ್ನೂರು ದಾಟಿದ್ದೇ ಇಲ್ಲ,
ಈಗ ಹನ್ನೊಂದು ಸಾವಿರ, ಇನ್ನೂ ಏರುತ್ತಿದೆ
ಒಲೆಯ ಮೇಲೆ ಮರೆತ ಹಾಲಿನ ಹಾಗೆ.

ಕ್ಲಾಕ್ಸ್‌ವೀಕಿನ ಬಂದರಿನ ಬೀದಿಯಲ್ಲಿ ಗಾಳಿ ಅಡ್ಡಡ್ಡ ಬೀಸುತ್ತಿತ್ತು.
ಫಾರೋ ದ್ವೀಪಗಳಲ್ಲಿ ಕೊಡೆ ಇಟ್ಟುಕೊಂಡವರು
ಒಂದೋ ಪ್ರವಾಸಿಗಳು, ಇಲ್ಲಾ ಹುಚ್ಚರು.
ಒದ್ದೆ ಟೊಪ್ಪಿಗೆ ಹಿಂಡಿ ಪರದೆಯ ಮುಂದೆ ಕೂತೆ.

ಬೈನಿರ್‌ನ ಖಾತೆ.
ಶೀತಲ ಗೋದಾಮಿನ ಬೈನಿರ್.
ಪಾಸ್‌ವರ್ಡು ಅವನ ದೋಣಿಯ ಹೆಸರು,
ಆ ದೋಣಿ ಊರಿಗೆಲ್ಲ ಗೊತ್ತು.
ಅವನ ಹೆಸರಿನಲ್ಲಿ ಯಾರೋ, ಎಲ್ಲಿಂದಲೋ,
ಬ್ರೆಜಿಲ್ಲಿನವರಿಗೆ ಕೂದಲು ಬೆಳೆಯುವ ಎಣ್ಣೆ ಮಾರುತ್ತಿದ್ದಾರೆ.
ಬೈನಿರ್‌ನದು ಬೋಳುತಲೆ.

ಖಾತೆಗೆ ಬೀಗ ಹಾಕಿ ಸಾಲು ನಿಲ್ಲಿಸಿದೆ. ಕೇರತೊಡಗಿದೆ,
ಜೊಳ್ಳು ಆ ಕಡೆ, ಕಾಳು ಈ ಕಡೆ.
ಯಾರಿಂದ, ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಭಾರ,
ಇಷ್ಟೇ ನೋಡುವುದು.
ಹೊಟ್ಟೆ ಸೀಳುವುದೇ ಕಸುಬಾದ ಈ ಕಟ್ಟಡದಲ್ಲಿ
ಸೀಳಬಾರದ್ದು ಅಂತ ಇರುವುದು
ನನ್ನ ಮೇಜಿನ ಮೇಲೆ ಮಾತ್ರ.

ಕಾಳು ನಲವತ್ತೊಂದು.
ಉಪ್ಪಿನವರಿಗೆ ಒಂದು, ಹಲ್ ಪಟ್ಟಣದ ಸಗಟುದಾರನಿಗೆ ಮೂರು,
ಪೋಲೆಂಡಿನ ಅಮ್ಮಂದಿರಿಗೆ ಹಲವು.
ಮತ್ತೊಂದು, ರನ್‌ವಾಳದು,
ಫಿಲೆ ಕತ್ತರಿಸುವ ಸಾಲಿನ ಮೇಸ್ತ್ರಿ ರನ್‌ವಾ.
ಯಾರಿಗೆ: ಕೋಪನ್‌ಹೇಗನ್ನಿನ ಒಂದು ಚಿಕಿತ್ಸಾಲಯ,
ಅದರ ಹೆಸರಿನಲ್ಲೇ ರೋಗದ ಹೆಸರಿದೆ.
ಎಷ್ಟು ಹೊತ್ತಿಗೆ: ಒಂದು ಗಂಟೆ ಐವತ್ತೆರಡು.
ಎಷ್ಟು ಭಾರ: ಆರೇಳು ಸಾಲು ಇರಬೇಕು, ಅಷ್ಟೆ.

ತೆರೆಯಲಿಲ್ಲ. ಆಣೆ ಮಾಡಿ ಹೇಳುತ್ತೇನೆ.
ತೆರೆಯದೆಯೇ ಓದಿ ಮುಗಿಸಿದ್ದೆ.

ಬೆಳಿಗ್ಗೆ ವ್ಯವಸ್ಥಾಪಕ ತ್ರೋಂದುರ್ ಬಂದ, ಕೈಯಲ್ಲಿ ಕಾಫಿ.
‘ಇನ್ನು ಮೇಲೆ ಹೊರಗೆ ಹೋಗುವ ಪ್ರತಿಯೊಂದರ ನಕಲು
ನಮ್ಮ ಹತ್ತಿರ ಇರಲಿ.
ಒಂದು ಸಾಲು ಬರೆದರೆ ಆಯಿತಂತೆ?’
ಹೌದು, ಒಂದೇ ಸಾಲು.
ಹತ್ತು ಸೆಕೆಂಡಿನ ಕೆಲಸ, ಯಾರಿಗೂ ಗೊತ್ತಾಗುವುದಿಲ್ಲ.
‘ಮುಚ್ಚಿಡುವಂಥದ್ದು ಇಲ್ಲದವರಿಗೆ
ಭಯ ಯಾಕೆ ಹೇಳು?’
ಇದನ್ನು ಹೇಳಲು ಅವನು
ಬಾಗಿಲು ಮುಚ್ಚಿಕೊಂಡು ಬಂದಿದ್ದ.
ನಾನು ಬಾಗಿಲನ್ನು ನೋಡಿದೆ.
ಸ್ವಲ್ಪ ಹೊತ್ತಿನ ಮೇಲೆ ಅವನೂ ನೋಡಿದ.

ಕಾಫಿ ಆರಿತು. ಮಾತು ಎಣಿಕೆಗೆ ಬಂದು ನಿಂತಿತು.
ಒಬ್ಬರಿಂದ ಗಂಟೆಗೆ ಅರವತ್ತು ದಾಟಿದರೆ ಯಂತ್ರ ತಡೆಯುತ್ತದೆ,
ತಡೆದದ್ದನ್ನು ಮೊದಲು ಬರೆದವರಿಗೇ ಹೇಳುತ್ತೇವೆ,
ಏನನ್ನು ನೋಡುತ್ತೇವೆ, ಏನನ್ನು ನೋಡುವುದಿಲ್ಲ ಎಂದು
ಕ್ಯಾಂಟೀನಿನ ಗೋಡೆಗೆ ಅಂಟಿಸುತ್ತೇವೆ
ಫಾರೋಯೀ ಭಾಷೆಯಲ್ಲಿ, ಪೋಲಿಷ್‌ನಲ್ಲಿ.
ದಾಖಲೆಗೆ ಏಳು ದಿನದ ಆಯಸ್ಸು.

ಏಳನೆಯ ದಿನ ನಸುಕಿಗೆ ಸರ್ವರು
ಆ ರಾತ್ರಿಯನ್ನು ಅಳಿಸಿ ಹಾಕಿತು, ಹೇಳಿದ ಮಾತಿನಂತೆ.
ನನ್ನ ತಲೆಗೆ ಅಂಥದೊಂದು ಆಜ್ಞೆ
ಬರೆಯಲು ನನಗೆ ಬರುವುದಿಲ್ಲ.

ಎಂಟನೆಯ ದಿನ ಅಂಗಡಿಯ ಸರದಿಯಲ್ಲಿ
ಹಿಂದೆಯೇ ರನ್‌ವಾ.
‘ಅವತ್ತು ನನ್ನದೊಂದು ಸಿಕ್ಕಿಹಾಕಿಕೊಂಡಿತ್ತಂತೆ. ಹೋಯಿತಾ?’
‘ಎಲ್ಲವೂ ಹೋದವು.’
ಅವಳು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನನ್ನನ್ನು ನೋಡಿದಳು.
‘ನಿನಗೆ ಕಾಣುತ್ತದಾ?’

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಬೆಚ್ಚಗೆ.
‘ಹೊರಮೈ ಕಾಣುತ್ತದೆ’ ಅಂದೆ.

ಅವಳು ಏನೂ ಅನ್ನಲಿಲ್ಲ.
ಕರಿ ಬೆಲ್ಟಿನ ಮೇಲೆ ನನ್ನ ಆಲೂಗಡ್ಡೆಗೂ
ತನ್ನ ಸಾಮಾನಿಗೂ ನಡುವೆ
ಆ ಪ್ಲಾಸ್ಟಿಕ್ ಅಡ್ಡಪಟ್ಟಿ ಇಟ್ಟಳು,
ನೇರವಾಗಿದೆಯೇ ಎಂದು ಬೆರಳಿಂದ ಒಮ್ಮೆ ಸರಿಮಾಡಿದಳು.
ಪಟ್ಟಿಯ ಆಚೆ ಏನೇನಿತ್ತೋ.
ನಾನು ಚಿಲ್ಲರೆ ಎಣಿಸಿದೆ,
ಮತ್ತೊಮ್ಮೆ ಎಣಿಸಿದೆ.